ಹೋಗಲೋ ಬೇಡವೋ

ಬೀರುವಿನ ಮೇಲಿಟ್ಟಿದ್ದ ಉದ್ದನೆಯ ರಟ್ಟಿನ ಕೊಳವೆಯೊಂದು ಹೋದ ವಾರ ಉರುಳಿಕೊಂಡು ಬಂದು ನನ್ನ ಬೋಳು ತಲೆಯ ಮೇಲೆ ಬಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಪ್ರಪಂಚವಿತ್ತು. ಹಾಗೆಂದರೆ ದೊಡ್ಡ ಮಾತಾಯಿತು, ಪ್ರಪಂಚದ ಭೂಪಟವಿತ್ತು. ಊಟದ ಮೇಜಿನ ಮೇಲೆ ಬಿಡಿಸಿ, ಮತ್ತೆ ಸುರುಳಿ ಸುತ್ತಿಕೊಳ್ಳದ ಹಾಗೆ ಒಂದು ಮೂಲೆಗೆ ಉಪ್ಪಿನಕಾಯಿ ಜಾಡಿ, ಇನ್ನೊಂದಕ್ಕೆ ಬಿಪಿ ಮಾತ್ರೆಯ ಡಬ್ಬಿ, ಉಳಿದೆರಡಕ್ಕೆ ನನ್ನ ಎರಡು ಮೊಣಕೈ ಊರಿ ಕುಳಿತೆ. ಸಮುದ್ರಗಳೆಲ್ಲ ಬಿಳಿಚಿಕೊಂಡಿದ್ದವು. ದೇಶಗಳ ಮೇಲೆ ಅಂಟಿಸಿದ್ದ ಟಿಕ್ಲಿಗಳು ಮಾತ್ರ ಇನ್ನೂ ಹೊಸದರ ಹಾಗೆ ಹೊಳೆಯುತ್ತಿದ್ದವು.

ಹೌದು, ಟಿಕ್ಲಿಗಳೇ. ಹೆಂಗಸರು ಹಣೆಗೆ ಇಟ್ಟುಕೊಳ್ಳುವವು. ನಾನು ವಿದೇಶಾಂಗ ಸೇವೆಯಲ್ಲಿದ್ದಾಗ ಒಂದು ಪುಟ್ಟ ದೇಶದ ಪುಟ್ಟ ರಾಯಭಾರ ಕಚೇರಿಗೆ ಹಾಕಿದ್ದರು. ಎಲ್ಲೆಲ್ಲಿ ಗಲಾಟೆ, ಎಲ್ಲೆಲ್ಲಿ ಶಾಂತಿ ಎಂದು ಭೂಪಟದ ಮೇಲೆ ಗುರುತು ಮಾಡಲು ಬಣ್ಣದ ಗುಂಡುಸೂಜಿ ಬೇಕಾಗಿದ್ದವು. ಕೇಳಿ ಪತ್ರ ಬರೆದೆ. ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಅದು ಈಗಲೂ ಪರಿಶೀಲನೆಯಲ್ಲಿಯೇ ಇರಬೇಕು. ಕೊನೆಗೆ ನನ್ನ ಹೆಂಡತಿ ಸರೋಜ ತನ್ನ ಟಿಕ್ಲಿ ಹಾಳೆಗಳನ್ನು ತಂದುಕೊಟ್ಟಳು. ಅಪಾಯದ ದೇಶಕ್ಕೆ ಕೆಂಪು, ನೆಮ್ಮದಿಯ ದೇಶಕ್ಕೆ ಹಸಿರು. ನಡುವಿನವಕ್ಕೆ ಹಳದಿ ಹಚ್ಚಬೇಕೆಂದು ನಿಯಮ. ಆದರೆ ಸರೋಜಳ ಹತ್ತಿರ ಹಳದಿ ಸೀರೆ ಇರಲಿಲ್ಲ, ಹಾಗಾಗಿ ಹಳದಿ ಟಿಕ್ಲಿಯೂ ಇರಲಿಲ್ಲ. ಜಗತ್ತಿನ ಅರ್ಧಕ್ಕರ್ಧ ದೇಶಗಳು ನನ್ನ ಭೂಪಟದಲ್ಲಿ ಮೆರೂನ್ ಆದವು. ಒಮ್ಮೆ ತಪಾಸಣೆಗೆ ಬಂದ ಹಿರಿಯ ಅಧಿಕಾರಿಯೊಬ್ಬರು ಕನ್ನಡಕ ಮೇಲೆತ್ತಿ ಹತ್ತಿರದಿಂದ ನೋಡಿ, ‘ಒಳ್ಳೆಯ ವಿಧಾನ’ ಅಂದರು. ಅವರ ಮನೆಯಲ್ಲಿ ಟಿಕ್ಲಿ ಇಡುವ ಪದ್ಧತಿ ಇರಲಿಲ್ಲವೆಂದು ಕಾಣುತ್ತದೆ.

ಈಗ ನನಗೆ ಟಿಕ್ಲಿಯ ಅವಶ್ಯಕತೆಯಿಲ್ಲ. ನಿವೃತ್ತನಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಗಾಜಿನ ಕಟ್ಟಡದಲ್ಲಿ ವಾರಕ್ಕೆರಡು ದಿನ ಕುಳಿತು ಕಂಪನಿಗಳಿಗೆ ಬುದ್ಧಿ ಹೇಳುವ ಕೆಲಸ ಮಾಡುತ್ತೇನೆ. ಜಗತ್ತಿನ ಯಾವ ಮೂಲೆಯಲ್ಲಿ ಏನು ಕೆಟ್ಟರೆ ಇವರ ಸರಕು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಜಲಸಂಧಿ ಮುಚ್ಚಿದರೆ ಯಾವ ಹಡಗು ಸುತ್ತಿ ಬರಬೇಕು, ಇಂಥವು. ಅಲ್ಲಿನ ಹುಡುಗ ಹುಡುಗಿಯರು ದೊಡ್ಡ ಪರದೆಯ ಮೇಲೆ ಬೆರಳಾಡಿಸಿದರೆ ದೇಶಗಳು ತಾವಾಗಿಯೇ ಕೆಂಪಾಗುತ್ತವೆ, ಹಸಿರಾಗುತ್ತವೆ. ಹಳದಿಯೂ ಇದೆ. ‘ಸಾರ್, ಇದು ಯಾಕೆ ಹಳದಿ?’ ಎಂದು ಅವರು ಕೇಳುತ್ತಾರೆ. ನಾನು ಕುರ್ಚಿಗೆ ಒರಗಿಕೊಂಡು, ‘ಒಂದು ದೃಷ್ಟಿಯಿಂದ ನೋಡಿದರೆ’ ಎಂದು ಶುರುಮಾಡುತ್ತೇನೆ. ಇನ್ನೊಂದು ದೃಷ್ಟಿ ಬರುವ ಹೊತ್ತಿಗೆ ಅವರಿಗೆ ಊಟದ ಸಮಯವಾಗಿರುತ್ತದೆ.

ಇದು ನನ್ನ ವಿದ್ಯೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮೂವತ್ತು ಚಿಲ್ಲರೆ ವರ್ಷ ನಾನು ಕಲಿತದ್ದು, ಮುಂದೆ ಏನೇ ಆದರೂ ನಾನು ಹೇಳಿದ್ದು ಸುಳ್ಳಾಗದ ಹಾಗೆ ಬರೆಯುವುದನ್ನು. ಯುದ್ಧವಾದರೆ, ‘ಎಚ್ಚರಿಸಿದ್ದೆವು’. ಆಗದಿದ್ದರೆ, ‘ಸಂಯಮದ ನಿರೀಕ್ಷೆಯಿದೆ ಎಂದಿದ್ದೆವು’. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅನ್ನುತ್ತಾರಲ್ಲ, ಆ ಗೋಡೆಯನ್ನೂ ನಾನೇ ಕಟ್ಟಿ ಬಣ್ಣ ಹೊಡೆಸುತ್ತಿದ್ದೆ. ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಯಾರ ಮನೆಗೆ ಹೋದರೂ ನನ್ನ ಕಾಫಿಗೆ ಸಕ್ಕರೆ ಸಾಕಾ ಎಂದು ಸರೋಜಳನ್ನು ಕೇಳುತ್ತಾರೆ, ನನ್ನನ್ನು ಕೇಳುವುದಿಲ್ಲ. ಕಳೆದ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬೆಳಗಿನ ಜಾವ ಬಂದು ಸದ್ದು ಮಾಡುತ್ತದೆಂದು ಅಪಾರ್ಟ್‌ಮೆಂಟ್ ಸಂಘಕ್ಕೆ ಒಂದು ದೂರು ಬರೆದೆ. ಬರೆಯುತ್ತಾ ಬರೆಯುತ್ತಾ ಕೈ ತನ್ನ ಹಳೆಯ ಜಾಡು ಹಿಡಿಯಿತು. ‘ಮೂರನೆಯ ಮಹಡಿಯು ಸಂಘಕ್ಕೆ ತನ್ನ ವಂದನೆಗಳನ್ನು ಸಲ್ಲಿಸುತ್ತಾ’ ಎಂದು ತೊಡಗಿ, ‘ತನ್ನ ಅತ್ಯುನ್ನತ ಗೌರವವನ್ನು ಈ ಸಂದರ್ಭದಲ್ಲಿ ಪುನಃ ವ್ಯಕ್ತಪಡಿಸುತ್ತದೆ’ ಎಂದು ಮುಗಿಸಿದ್ದೆ. ಎರಡು ದೇಶಗಳ ನಡುವೆ ಪತ್ರ ಹೋಗುವುದು ಹೀಗೆಯೇ. ಸಂಘದ ಕಾರ್ಯದರ್ಶಿ ಬೆವರೊರೆಸಿಕೊಳ್ಳುತ್ತಾ ನಮ್ಮ ಮನೆಗೆ ಬಂದರು. ‘ಸಾರ್, ಕೋರ್ಟಿಗೆಲ್ಲ ಯಾಕೆ ಸಾರ್, ಕೂತ್ಕೊಂಡು ಮಾತಾಡೋಣ’ ಅಂದರು. ಟ್ಯಾಂಕರ್ ಈಗ ಎಂಟು ಗಂಟೆಗೆ ಬರುತ್ತದೆ. ನನ್ನ ವೃತ್ತಿಜೀವನದಲ್ಲಿ ಒಂದು ಪತ್ರ ಬರೆದ ವಾರದೊಳಗೆ ಏನಾದರೂ ಬದಲಾದದ್ದು ಅದೊಂದೇ ಸಲ.

ಈ ವಿದ್ಯೆಗೆ ಅಕ್ಷರಾಭ್ಯಾಸವಾದದ್ದು ಮಾತ್ರ ದಿಲ್ಲಿಯಲ್ಲಲ್ಲ, ಹೊಸೂರು ರಸ್ತೆಯ ಬಸ್ಸಿನಲ್ಲಿ. ನಾವು ಸಿಂಗಸಂದ್ರದ ಕಡೆಯವರು. ಈಗ ಫ್ಲೈಓವರ್ ಹಾದುಹೋಗುವ ಕಡೆಯಲ್ಲೆಲ್ಲ ಆಗ ರಾಗಿ, ಅವರೆ, ಒಂದಿಷ್ಟು ಹುರುಳಿ. ಅಪ್ಪನ ತಂಗಿಯನ್ನು ಅತ್ತಿಬೆಲೆಗೆ ಕೊಟ್ಟಿದ್ದರು. ಅತ್ತಿಬೆಲೆ ದಾಟಿದರೆ ತಮಿಳುನಾಡು. ಚೆಕ್‌ಪೋಸ್ಟಿನ ಅಡ್ಡಗಂಬ, ಸಾಲುಗಟ್ಟಿ ನಿಂತ ಲಾರಿಗಳು, ಕೆಳಗಿಳಿದು ಬೀಡಿ ಸೇದುವ ಡ್ರೈವರುಗಳು, ಮೂರು ಭಾಷೆಯ ಬೈಗುಳ. ಆಮೇಲೆ ನಾನು ಎಷ್ಟೋ ದೇಶಗಳ ಗಡಿ ನೋಡಿದೆ. ಅಷ್ಟು ಗತ್ತಿನ ಗಡಿ ಇನ್ನೊಂದು ಕಾಣಲಿಲ್ಲ. ಬೆಲ್ಲ ಬೇಯುವ ವಾಸನೆ ಎಲ್ಲಿಂದಲೋ ಬರುತ್ತಿತ್ತು, ಅದಕ್ಕೆ ಡೀಸೆಲ್ ವಾಸನೆ ಬೆರೆತರೆ ನನಗೆ ಇವತ್ತಿಗೂ ಬಾಲ್ಯ.

ನಮ್ಮಮ್ಮನಿಗೂ ಆ ಸೋದರತ್ತೆಗೂ ಯಾವುದೋ ಸೀರೆಯ ವಿಷಯದಲ್ಲಿ ಮಾತು ನಿಂತುಹೋಗಿತ್ತು. ಮಾತು ನಿಂತಿತ್ತೇ ಹೊರತು ಹೇಳಿ ಕಳಿಸುವುದು ನಿಂತಿರಲಿಲ್ಲ. ಹೇಳಿ ಕಳಿಸುತ್ತಿದ್ದದ್ದು ನನ್ನ ಬಾಯಲ್ಲಿ. ‘ಏಳು ನಿಮ್ಮತ್ತೆಗೆ, ನಮ್ಮ ಒಸ್ಲು ತುಳಿದ್ರೆ ಕಾಲ್ ಮುರೀತೀನಿ ಅಂತ’ ಅನ್ನುತ್ತಿದ್ದಳು ಅಮ್ಮ. ಬಸ್ಸಿನಲ್ಲಿ ಕುಳಿತು ನಾನು ಯೋಚಿಸುತ್ತಿದ್ದೆ. ಇದನ್ನು ಹೀಗೇ ಹೇಳಿದರೆ ಅತ್ತೆ ನನಗೆ ಕಡಲೆಪುರಿ ಕೊಡುವುದಿಲ್ಲ. ಹೋಗಿ ಹೇಳುತ್ತಿದ್ದೆ: ‘ಅಮ್ಮ ನಿಮ್ಮ ಕಾಲ್ನೋವು ಎಂಗೈತೆ ಅಂತ ಕೇಳಿದ್ಲು.’ ಅತ್ತೆ ನನ್ನ ಕೈಯಲ್ಲಿದ್ದ ಅವರೆಕಾಯಿ ಚೀಲ ನೋಡಿ ಮೂಗು ಮುರಿದು, ‘ಅವಳ ಅವರೆಕಾಯಿ ಯಾರಿಗ್ಬೇಕು, ತಗೊಂಡೋಗಿ ದನಕ್ಕಾಕು ಅನ್ನು’ ಅನ್ನುತ್ತಿದ್ದಳು. ಮನೆಗೆ ಬಂದು ನಾನು ವರದಿ ಒಪ್ಪಿಸುತ್ತಿದ್ದೆ: ‘ಅತ್ತೆ ನಮ್ಮ ದನ ಎಂಗವೆ ಅಂತ ಕೇಳಿದ್ರು.’ ಹೀಗೆ ಎರಡು ವರ್ಷ ನಡೆಯಿತು. ಕೊನೆಗೆ ಒಂದು ಮದುವೆ ಮನೆಯಲ್ಲಿ ಇಬ್ಬರೂ ಎದುರಾಬದುರಾಗಿ, ನನ್ನ ಕೈವಾಡವೆಲ್ಲ ಬಯಲಾಗಿ, ಇಬ್ಬರೂ ಸೇರಿ ನನಗೆ ಬಡಿದರು. ಬಡಿದು ಮುಗಿಸುವ ಹೊತ್ತಿಗೆ ಅವರಿಬ್ಬರೂ ರಾಜಿಯಾಗಿದ್ದರು.

ಗುಟ್ಟು ಬಯಲು ಮಾಡಿದವಳು ನನ್ನ ಅಕ್ಕ, ಮುನಿಲಕ್ಷ್ಮಮ್ಮ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳಿಗೆ ಯಾವ ಮಾತಿಗೂ ಬಟ್ಟೆ ಉಡಿಸಿ ಕಳಿಸುವ ಅಭ್ಯಾಸವಿಲ್ಲ. ನಾನು ಪರದೇಶಗಳಲ್ಲಿ ಔತಣ ತಿನ್ನುತ್ತಿದ್ದಾಗ ಅವಳು ಇಲ್ಲೇ ಇದ್ದು, ನಮ್ಮ ಪಾಲಿನ ಹೊಲದಲ್ಲಿ ಉಳಿದ ಒಂದು ತುಂಡಿನ ಮೇಲೆ ಹದಿನಾಲ್ಕು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾಳೆ. ಬಂದಿರುವವರು ಬಹುಪಾಲು ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯವರು. ಕಟ್ಟಡದ ಕೆಲಸ, ಫ್ಯಾಕ್ಟರಿ ಕೆಲಸ. ಕಣ ಮಾಡಿ ರಾಗಿ ಬಡಿಯುತ್ತಿದ್ದ ಜಾಗದಲ್ಲಿ ಅವರ ಮೋಟಾರು ಸೈಕಲ್ಲುಗಳು ನಿಲ್ಲುತ್ತವೆ. ರೂಮು ಕೇಳಿ ಬಂದವರನ್ನು ಅಕ್ಕ ಎರಡು ನಿಮಿಷ ನೋಡಿ ‘ಬಾ’ ಅಥವಾ ‘ಬ್ಯಾಡ’ ಅನ್ನುತ್ತಾಳೆ. ಹೇಗೆ ಗೊತ್ತಾಗುತ್ತದೆ ಎಂದು ನಾನೊಮ್ಮೆ ವೃತ್ತಿಯ ಕುತೂಹಲದಿಂದ ಕೇಳಿದ್ದೆ. ‘ಒಂದೊಂದ್ಸಲ ಗೊತ್ತಾಗಕಿಲ್ಲ’ ಅಂದಳು. ‘ಅದ್ಕೇನೀಗ? ತಪ್ಪಾದ್ರೆ ತಪ್ಪಾಯ್ತದೆ.’ ನಮ್ಮ ಕಂಪನಿಯ ಹುಡುಗರಿಗೆ ಇಂಥ ಮಾತು ಕೇಳಿಸಿದರೆ ಮೂರ್ಛೆ ಹೋಗುತ್ತಾರೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅಕ್ಕ ನಮ್ಮ ಮನೆಗೆ ಬಂದಳು. ಹಿಂದೆ ಒಬ್ಬ ಗಟ್ಟಿಮುಟ್ಟಾದ ಯುವಕ, ಅವನ ಹಿಂದೆ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

‘ಲೋ ಕಿಟ್ಟಪ್ಪ, ಇವ್ನು ನಮ್ಮ ಆರ್ನೇ ರೂಮ್ನೋನು, ಶರಣಪ್ಪ. ಅತ್ತಿಬೆಲೆ ಫ್ಯಾಕ್ಟ್ರೀಲಿ ವೆಲ್ಡಿಂಗ್ ಮಾಡ್ತಾನೆ. ಇವ್ಳು ಇವ್ನ ಎಂಡ್ತಿ ಮಾದೇವಿ. ಒರದೇಸಕ್ಕೆ ಕರೀತಾವ್ರಂತೆ. ಇವ್ಳು ಬ್ಯಾಡ ಅಂತಾಳೆ, ಇವ್ನು ಓಯ್ತೀನಿ ಅಂತಾನೆ. ಅದಿನೈದು ದಿನದಿಂದ ಗೋಡೆ ಆಚೆ ಇದೇ ಗಲಾಟೆ, ನಂಗೆ ಸಾಕಾಯ್ತು. ನೀನು ಆ ಕಡೇಲೆಲ್ಲ ಇದ್ದೋನಲ್ವಾ. ಒಸಿ ಏಳು.’

ಯಾವ ದೇಶ ಎಂದು ಕೇಳಿದೆ. ಶರಣಪ್ಪ ಹೇಳಿದ. ನಾನು ನಾಲ್ಕು ವರ್ಷ ಇದ್ದ ದೇಶ, ನಾನು ಓಡಾಡಿದ್ದ ಬಂದರು. ಅದರ ಹೆಸರು ನಿಮಗೆ ಹೇಳುವುದಿಲ್ಲ. ಹೇಳದಿರುವುದೂ ಹಳೆಯ ಚಾಳಿಯೇ.

‘ಹಡಗ ರಿಪೇರಿ ಕೆಲಸಾರೀ’ ಅಂದ ಶರಣಪ್ಪ. ‘ಎರಡು ವರ್ಷದ ಕರಾರ. ನನ್ ಜೋಡಿ ಹಣಮಂತ ಅಂತ ಒಬ್ಬಾಂವ ಹೊಂಟಾನ. ನಾಳೆ ಪಾಸ್‌ಪೋರ್ಟ್ ಕೊಡಬೇಕ್ರಿ ಏಜೆಂಟಗ. ಊರಾಗ ಒಂದು ಮನಿ ಕಟ್ಟಬೇಕಂತ ಆಸೆರೀ. ಅಲ್ಲಿ ಏನೋ ಗದ್ಲ ಆಗತೈತಿ ಅಂತ ಟೀವ್ಯಾಗ ತೋರಸ್ತಾರ. ಹೋಗ್ಲ್ಯೋ ಬ್ಯಾಡೋ ಹೇಳ್ರಿ ಸಾಹೇಬ್ರ. ನೀವು ಹೇಳಿದಂಗ ಕೇಳತೀನಿ.’

ಮಾದೇವಿ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಅವಳು ಬೇಡವೆಂದದ್ದಕ್ಕೆ ಅವನು ಹೋಗದೆ ಉಳಿದರೆ, ಊರಿನಲ್ಲಿ ಏಳದ ಆ ಮನೆಯ ಮಾತು ಬಂದಾಗಲೆಲ್ಲ ಜೀವಮಾನವಿಡೀ ಅವಳೇ ಹೊಣೆ. ಅವನು ಹೋಗಿ ಏನಾದರೂ ಆದರೆ, ಕಾಲು ಹಿಡಿದು ನಿಲ್ಲಿಸಬಾರದಿತ್ತೇ ಎಂದು ಎರಡೂ ಕಡೆಯವರು ಕೇಳುವುದು ಅವಳನ್ನೇ.

ನಾನು ಗಂಟಲು ಸರಿಮಾಡಿಕೊಂಡೆ. ಕೈಗಳನ್ನು ಜೋಡಿಸಿ ಬೆರಳ ತುದಿಗೆ ಬೆರಳ ತುದಿ ತಾಗಿಸಿದೆ. ಒಂದು ದೃಷ್ಟಿಯಿಂದ ನೋಡಿದರೆ ಅಲ್ಲಿನ ಸರ್ಕಾರ ಗಟ್ಟಿಯಾಗಿದೆ ಎಂದೆ. ಹಾಗೆಂದು ನೆರೆಯ ದೇಶದ ಬೆಳವಣಿಗೆಗಳನ್ನು ಕಡೆಗಣಿಸುವಂತಿಲ್ಲ ಎಂದೆ. ಅಲ್ಪಾವಧಿ, ದೀರ್ಘಾವಧಿ ಎಂದೆ. ಬಂದರಿಗೆ ತೊಂದರೆಯಾಗುವ ಸಂಭವವನ್ನು ತಳ್ಳಿಹಾಕಲಾಗದು, ಆದರೂ ಅದನ್ನು ಉತ್ಪ್ರೇಕ್ಷಿಸಬಾರದು ಎಂದೆ. ನನ್ನ ದನಿ ನನಗೇ ಹಿತವಾಗಿ ಕೇಳಿಸುತ್ತಿತ್ತು. ಇಪ್ಪತ್ತು ನಿಮಿಷವಾದ ಮೇಲೆ ನಿಲ್ಲಿಸಿದೆ.

‘ಹಂಗಾರ ಹೋಗಬಹುದು ಅಂದಂಗಾತು’ ಅಂದ ಶರಣಪ್ಪ, ಮುಖ ಅರಳಿಸಿ.

‘ಬ್ಯಾಡ ಅಂದ್ರಲ್ರಿ ಅವರು’ ಅಂದಳು ಮಾದೇವಿ.

ಅಕ್ಕ ಇಬ್ಬರನ್ನೂ ನೋಡಿ, ಆಮೇಲೆ ನನ್ನನ್ನು ನೋಡಿದಳು. ‘ಇಷ್ಟೊತ್ತು ಮಾತಾಡ್ದಲ್ಲೋ ಕಿಟ್ಟಪ್ಪ. ಏನಂದೆ?’

ಕಾಫಿ ಏನಾಯಿತು ನೋಡುತ್ತೇನೆ ಎಂದು ಎದ್ದು ಅಡುಗೆಮನೆಗೆ ಹೋದೆ. ಕಷ್ಟದ ಪ್ರಶ್ನೆ ಬಂದಾಗ ಸಭೆಗೆ ವಿರಾಮ ಘೋಷಿಸುವುದು ನಮ್ಮಲ್ಲಿ ರೂಢಿ. ಹಾಲು ಒಲೆಯ ಮೇಲಿತ್ತು. ಅದನ್ನು ನೋಡುತ್ತಾ ನಿಂತೆ. ಇದೇ ಪ್ರಶ್ನೆಯನ್ನು, ಇದೇ ಬಂದರಿನ ವಿಷಯವಾಗಿ, ಇನ್ನೊಬ್ಬರು ನನ್ನನ್ನು ಕೇಳಿದ್ದರು. ರುದ್ರಮೂರ್ತಿ ಎಂದು ಅವರ ಹೆಸರು.

ರುದ್ರಮೂರ್ತಿಯವರು ಪೀಣ್ಯದಲ್ಲಿ ಬಹಳ ವರ್ಷ ಲೇತ್ ಮೇಲೆ ಕೆಲಸ ಮಾಡಿ, ಆಮೇಲೆ ಆ ಬಂದರಿಗೆ ಬಂದು ಹಡಗುಗಳ ಪಂಪಿನ ಬಿಡಿಭಾಗಗಳನ್ನು ಕಡೆದು ಸರಿಮಾಡುತ್ತಿದ್ದವರು. ಆ ಊರಿನಲ್ಲಿ ಮನೆಯ ಹೊರಗೆ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದ ಒಬ್ಬರೇ ಮನುಷ್ಯ. ಶುಕ್ರವಾರ ರಜೆಯಲ್ಲಿ ಕಚೇರಿಗೆ ಬಂದು ನಮ್ಮ ಕೆಟ್ಟುಹೋದ ಬಾಗಿಲ ಚಿಲಕ, ಫ್ಯಾನು, ನಲ್ಲಿ ಎಲ್ಲವನ್ನೂ ರಿಪೇರಿ ಮಾಡಿ ಹೋಗುತ್ತಿದ್ದರು. ಪೀಣ್ಯದ ತಮ್ಮ ಬೀದಿಯಲ್ಲಿ ಬೆಳಿಗ್ಗೆ ಒಂದಾದ ಮೇಲೊಂದು ಶೆಡ್ಡಿನ ಷಟರ್ ಮೇಲೇಳುವ ಸದ್ದು ಕೇಳದೆ ತನಗೆ ಇಲ್ಲಿ ಸರಿಯಾಗಿ ಎಚ್ಚರವೇ ಆಗುವುದಿಲ್ಲ ಅನ್ನುತ್ತಿದ್ದರು. ನಾನು ಅವರೆಕಾಯಿ ಸೊಗಡಿನ ಮಾತು ತೆಗೆಯುತ್ತಿದ್ದೆ. ಇಬ್ಬರೂ ಸುಮ್ಮನೆ ಕುಳಿತು ಬೆಂಗಳೂರನ್ನು ತಿನ್ನುತ್ತಿದ್ದೆವು.

ಆ ವರ್ಷ ಅಲ್ಲಿ ಪರಿಸ್ಥಿತಿ ಹದಗೆಡತೊಡಗಿತು. ನಮ್ಮ ಜನರಿಗೆ ಒಂದು ಸೂಚನೆ ಹೊರಡಿಸಬೇಕಾಯಿತು. ಬರೆಯುವ ಕೆಲಸ ನನ್ನದು. ಎಲ್ಲರೂ ಹೊರಡಿ ಅಂದರೆ ಅಲ್ಲಿನ ಸರ್ಕಾರಕ್ಕೆ ಕೋಪ. ಸುಮ್ಮನಿದ್ದರೆ ನಾಳೆ ನಮಗೆ ಕೆಟ್ಟ ಹೆಸರು. ಒಂದು ಇಡೀ ಮಧ್ಯಾಹ್ನ ಕುಳಿತು, ತಿದ್ದಿ, ಹರಿದು, ಮತ್ತೆ ಬರೆದು ಒಂದು ವಾಕ್ಯ ಸಿದ್ಧಪಡಿಸಿದೆ: ಅಗತ್ಯ ಕೆಲಸವಿಲ್ಲದವರು ಸದ್ಯಕ್ಕೆ ದೇಶ ಬಿಡುವ ಬಗ್ಗೆ ಪರಿಶೀಲಿಸಬಹುದು. ನೋಟಿಸು ಬೋರ್ಡಿಗೆ ಅಂಟಿಸಿ, ದೂರ ನಿಂತು, ಚಿತ್ರ ಬರೆದವನ ಹಾಗೆ ನೋಡಿದೆ.

ಮರುದಿನ ರುದ್ರಮೂರ್ತಿ ಬಂದರು. ಅದನ್ನು ಎರಡು ಸಲ ಓದಿದರು. ‘ಸಾರ್, ನನ್ನ ಕೆಲಸ ಅಗತ್ಯದ್ದಾ ಅಲ್ವಾ?’ ಎಂದು ಕೇಳಿದರು. ಹಂಗಿಸುವ ದನಿಯಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ‘ನಾನಿಲ್ದಿದ್ರೆ ಆ ಪಂಪ್ ಓಡಲ್ಲ ಸಾರ್. ಪಂಪ್ ಓಡದಿದ್ರೆ ಹಡಗು ಹೊರಡಲ್ಲ. ಆದ್ರೆ ಎರಡು ತಿಂಗಳಿಗೆ ಮಗಳ ಮದುವೆ ಇದೆ. ಈಗ್ಲೇ ಹೋಗ್ಬಿಡ್ಲಾ?’

ನನಗೆ ಅಭಿಪ್ರಾಯವಿರಲಿಲ್ಲವೆಂದಲ್ಲ. ಈಗಲೇ ಹೋಗಿಬಿಡಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಗೆ ಹೇಳಿ, ಏನೂ ಆಗದೆ, ಅವರ ಕೆಲಸ ಹೋದರೆ? ‘ಅದು ನಿಮ್ಮ ವಿವೇಚನೆಗೆ ಬಿಟ್ಟದ್ದು ರುದ್ರಮೂರ್ತಿ’ ಅಂದೆ. ಅವರು ತಲೆಯಾಡಿಸಿ ಹೋದರು. ಇಷ್ಟು ವರ್ಷ ಯಂತ್ರದ ಮುಂದೆ ನಿಂತ ಮನುಷ್ಯ ತನ್ನ ಕೆಲಸ ಅಗತ್ಯದ್ದಲ್ಲ ಎಂದು ತಾನೇ ಹೇಗೆ ತೀರ್ಮಾನಿಸಿಯಾನು? ನೀವೇ ಹೇಳಿ. ಅಂಥ ವಾಕ್ಯವನ್ನು, ಜೀವಮಾನದಲ್ಲಿ ಒಂದು ಮೊಳೆಯನ್ನೂ ಹೊಡೆಯದ ನನ್ನಂಥವನು ಮಾತ್ರ ಬರೆಯಬಲ್ಲ. ಅವರು ಉಳಿದರು. ಎರಡು ವಾರಕ್ಕೆ ವಿಮಾನ ನಿಲ್ದಾಣ ಮುಚ್ಚಿತು, ಬಂದರೂ ಮುಚ್ಚಿತು.

ಮಗಳ ಮದುವೆ ಪೀಣ್ಯದಲ್ಲಿ ಗೊತ್ತಾದ ದಿನವೇ ನಡೆಯಿತು. ಲಗ್ನ ಮುಂದೆ ಹಾಕಬೇಡಿ ಎಂದು ರುದ್ರಮೂರ್ತಿಯವರೇ ಹೇಳಿದ್ದರಂತೆ. ಧಾರೆ ಎರೆಯಲು ಅವರ ತಮ್ಮನನ್ನು ನಿಲ್ಲಿಸಿದ್ದರು. ಮುಹೂರ್ತದ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಏಳು ಗಂಟೆ. ನಮ್ಮ ಕಚೇರಿಯ ಫೋನಿನಲ್ಲಿ ಕೇಳಿಸಿಕೊಳ್ಳಲು ನಾನು ಏರ್ಪಾಟು ಮಾಡಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡು ಬಂದರು. ‘ಸಾರ್, ಒಂದ್ ಹಿಡಿ ಅಕ್ಕಿ ಸಿಗತ್ತಾ?’ ಎಂದು ಕೇಳಿದರು. ಸರೋಜ ಅರಿಸಿನ ಹಚ್ಚಿ ತಟ್ಟೆಯಲ್ಲಿ ತಂದಿಟ್ಟಳು. ಫೋನಿನೊಳಗೆ ಗದ್ದಲ, ಮಂತ್ರ, ಯಾರೋ ಯಾರನ್ನೋ ಕೂಗುವುದು. ಒಮ್ಮೆಲೇ ಗಟ್ಟಿಮೇಳ. ರುದ್ರಮೂರ್ತಿ ಎದ್ದುನಿಂತು ಆ ಕರಿಯ ಫೋನಿನ ಮೇಲೆ ಅಕ್ಷತೆ ಹಾಕಿದರು. ನಾನೂ ಹಾಕಿದೆ, ಸರೋಜಳೂ ಹಾಕಿದಳು. ಆ ಕಡೆಯಿಂದ ಮಗಳು ‘ಅಪ್ಪಾ’ ಅಂದದ್ದು ಕೇಳಿಸಿತು, ಅಷ್ಟರಲ್ಲಿ ಲೈನು ಹೋಯಿತು.

ಆಮೇಲೆ ಅವರು ನೆಲಕ್ಕೆ ಕುಳಿತು ಕಾರ್ಪೆಟ್ ಮೇಲೆ ಬಿದ್ದಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದರು. ಅಕ್ಷತೆ ಕಾಲಿಗೆ ಸಿಗಬಾರದಲ್ಲ. ನಾನೂ ಪಕ್ಕದಲ್ಲಿ ಕುಳಿತು ಆರಿಸಿದೆ. ಕ್ಷಮಿಸಿ ಎಂದು ಹೇಳಬೇಕೆಂದುಕೊಂಡೆ. ನನಗೆ ಬರುವ ಆರು ಭಾಷೆಗಳಲ್ಲಿ ಒಂದರಲ್ಲೂ ಮಾತು ಹೊರಡಲಿಲ್ಲ. ಅವರೇ ಹೇಳಿದರು: ‘ನೀವು ಸರಿಯಾಗೇ ಬರ್ದಿದ್ರಿ ಸಾರ್. ನಾನೇ ತಪ್ಪು ತಿಳ್ಕೊಂಡೆ.’

ಆ ವರ್ಷ ನನಗೆ ಒಂದು ಪ್ರಶಂಸಾಪತ್ರ ಬಂತು. ಬಿಕ್ಕಟ್ಟಿನ ಸಮಯದಲ್ಲಿ ಸಮತೋಲನದ ಭಾಷೆ ಬಳಸಿದ್ದಕ್ಕೆ ಅದರಲ್ಲಿ ವಿಶೇಷ ಮೆಚ್ಚುಗೆಯಿತ್ತು. ಅದನ್ನು ನಾನು ಯಾರಿಗೂ ತೋರಿಸಿಲ್ಲ.

ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು. ಸರೋಜ ಬಂದು ಬೈದು ನನ್ನನ್ನು ಹೊರಗೆ ಕಳಿಸಿದಳು. ಮೂವರೂ ಹಾಗೆಯೇ ಕುಳಿತಿದ್ದರು. ನಾನು ಕೂರಲಿಲ್ಲ, ಕೂತರೆ ಮತ್ತೆ ಬೆರಳುಗಳು ಜೋಡಿಯಾಗುತ್ತವೆ.

‘ಹೋಗ್ಬೇಡ ಶರಣಪ್ಪ’ ಅಂದೆ.

ಅವನ ಮುಖ ಸಣ್ಣದಾಯಿತು. ‘ಖಾತ್ರಿ ಐತೇನ್ರಿ ಸಾಹೇಬ್ರ, ಅಲ್ಲಿ ಗದ್ಲ ಆಗತೈತಿ ಅಂತ?’

‘ಖಾತ್ರಿ ಇಲ್ಲ. ಆದ್ರೂ ಹೋಗ್ಬೇಡ ಅಂತೀನಿ. ಆ ಬಂದರು ನನಗೆ ಗೊತ್ತು. ಮುಚ್ಚಿದ್ರೆ ಬರೋಕೆ ದಾರಿ ಇರಲ್ಲ. ಯಾರಾದ್ರೂ ಯಾಕೆ ಹೋಗ್ಲಿಲ್ಲ ಅಂತ ಕೇಳಿದ್ರೆ, ಕೃಷ್ಣಪ್ಪ ಅನ್ನೋನು ಬೇಡ ಅಂದ, ಅದಕ್ಕೇ ಬಿಟ್ಟೆ ಅಂತ ನನ್ನ ಹೆಸರು ಹೇಳು.’

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು, ನಂಬಿ. ಎರಡು ಸಲ ಗುಂಡಿನ ಸದ್ದಿನ ನಡುವೆ ಕಾರಿನಲ್ಲಿ ಹೋದವನು ನಾನು. ಆಗಲೂ ಇಷ್ಟು ಹೆದರಿರಲಿಲ್ಲ. ಶರಣಪ್ಪ ತನ್ನ ಅಂಗೈ ನೋಡಿಕೊಂಡ. ಆಮೇಲೆ ‘ಆತ್ರಿ’ ಅಂದು ಎದ್ದ. ಕಾಫಿ ಕುಡಿಯಲಿಲ್ಲ. ಮಾದೇವಿ ಬಾಗಿಲಲ್ಲಿ ನಿಂತು ಸರೋಜಳಿಗೆ ಕೈ ಮುಗಿದು, ಅವನ ಹಿಂದೆ ಮೆಟ್ಟಿಲಿಳಿದಳು.

ಆ ವಾರ ಅದೇ ಬಂದರಿನ ಬಗ್ಗೆ ಒಂದು ಕಂಪನಿಗೆ ಹನ್ನೆರಡು ಪುಟದ ವರದಿ ಬರೆದುಕೊಟ್ಟೆ. ಅದರಲ್ಲಿ ಮಾತ್ರ ಎಂದಿನಂತೆ ಎರಡೂ ದೃಷ್ಟಿಗಳಿದ್ದವು. ಕಂಪನಿಯವರು ಬಹಳ ಸಂತೋಷಪಟ್ಟರು.

ಇನ್ನು 'ಆಮೇಲೆ ಏನಾಯಿತು' ಎಂದು ನೀವು ಕೇಳುತ್ತೀರಿ. ಏನೂ ಆಗಲಿಲ್ಲ. ಟೀವಿಯವರು ನಾಲ್ಕು ದಿನ ಕೂಗಾಡಿ ಬೇರೆ ಸುದ್ದಿಗೆ ಹೋದರು. ನಾನು ಪ್ರತಿದಿನ ಬೆಳಿಗ್ಗೆ ಎದ್ದು ಆ ದೇಶದ ಪತ್ರಿಕೆಗಳನ್ನು ತಡಕಾಡುತ್ತಿದ್ದೆ. ನಿಜ ಹೇಳಬೇಕೆಂದರೆ, ಒಂದು ಸಣ್ಣ ಗಲಾಟೆಯಾದರೂ ಆಗಲಿ ಎಂದು ಒಳಗೊಳಗೇ ಬಯಸುತ್ತಿದ್ದೆ, ಆಮೇಲೆ ನಾಚಿಕೆಪಡುತ್ತಿದ್ದೆ. ಆ ಬಂದರು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ನಡೆಯಿತು. ಹಣಮಂತ ಅಲ್ಲಿಂದ ಫೋಟೋ ಕಳಿಸುತ್ತಿದ್ದನಂತೆ. ಹಡಗಿನ ಮುಂದೆ ನಿಂತದ್ದು, ಸಮುದ್ರದ ದಂಡೆಯಲ್ಲಿ ಕಪ್ಪು ಕನ್ನಡಕ ಹಾಕಿದ್ದು, ದೊಡ್ಡ ತಟ್ಟೆಯಲ್ಲಿ ಬಿರಿಯಾನಿ. ಆರು ತಿಂಗಳಿಗೆ ಊರಿನಲ್ಲಿ ಅವನ ಮನೆಗೆ ಪಾಯ ತೆಗೆದರು ಎಂದು ಅಕ್ಕನೇ ನನಗೆ ಹೇಳಿದಳು. ಅವಳು ಯಾವುದನ್ನೂ ಮೆತ್ತಗೆ ಮಾಡಿ ಹೇಳುವವಳಲ್ಲ.

ಈಚೆಗೆ ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಹೋದೆ. ಶರಣಪ್ಪ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ‘ಚೆನ್ನಾಗಿದೀಯಾ?’ ಅಂದೆ. ಅವನು ನನ್ನನ್ನು ನೋಡಿದ, ನಲ್ಲಿ ನಿಲ್ಲಿಸಿದ, ಮುಖ ತಿರುಗಿಸಿಕೊಂಡು ತನ್ನ ರೂಮಿಗೆ ಹೋದ. ನನಗೆ ನೋವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ, ರುದ್ರಮೂರ್ತಿಯವರು ಒಂದೇ ಒಂದು ಸಲ ಹೀಗೆ ಮುಖ ತಿರುಗಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ಒಳಗೆ ಹೋಗಿ ಅಕ್ಕನ ಮುಂದೆ ಕುಳಿತೆ. ಮುದ್ದೆ, ಬಸ್ಸಾರು ಬಡಿಸಿದಳು. ‘ನಂದು ತಪ್ಪಾಯ್ತು ಕಣಕ್ಕ’ ಅಂದೆ. ‘ಆ ಹುಡುಗ ಹೋಗಿದ್ರೆ ಈ ಹೊತ್ತಿಗೆ ಅವನ ಮನೆಗೂ ಪಾಯ ಬೀಳ್ತಿತ್ತು.’

‘ಬೀಳ್ತಿತ್ತು’ ಅಂದಳು ಅಕ್ಕ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, ‘ದಿನಾ ನಿನ್ನ ಬಯ್ತಾನೆ’ ಅಂದಳು. ‘ಬಯ್ಲಿ ಬಿಡು. ಅವ್ನಿಗೂ ಬಯ್ಯಕ್ಕೆ ಒಬ್ರು ಬೇಕಲ್ವಾ. ನೀನು ಸಿಕ್ಲಿಲ್ಲ ಅಂದಿದ್ರೆ ಆ ಮಾದೇವಿ ಸಿಕ್ತಿದ್ಲು. ಈಗ ನೋಡು, ಇಬ್ರೂ ಸೇರ್ಕೊಂಡು ಬಯ್ತಾರೆ.’

ಅಕ್ಕನ ಅಡುಗೆಮನೆಗೂ ಆರನೆಯ ರೂಮಿಗೂ ನಡುವೆ ಒಂದು ತೆಳ್ಳನೆಯ ಸಿಮೆಂಟ್ ಇಟ್ಟಿಗೆಯ ಗೋಡೆ, ಅದರ ಮೇಲೆ ಷೀಟು. ಆಚೆ ತಟ್ಟೆ ಇಟ್ಟ ಸದ್ದಾಯಿತು. ಆಮೇಲೆ ಶರಣಪ್ಪನ ದನಿ.

‘ಬಂದಾನ ನೋಡು, ಆ ಸಾಹೇಬ. ಅವನ ಮಾತ ಕೇಳಿ ನಾ ಕೆಟ್ಟೆ. ಏನೂ ತಿಳಿಯಂಗಿಲ್ಲ ಆ ಮನಿಷ್ಯಾಗ.’

‘ಹೂಂ ಮತ್ತ’ ಅಂದಳು ಮಾದೇವಿ. ‘ಎಲ್ಲಾ ಅವರಿಂದಾನ ಆತು. ಇನ್ನೊಂದ ರೊಟ್ಟಿ ಹಾಕ್ಲೇನ್ರಿ?’

‘ಹಾಕು’ ಅಂದ.